ಕ್ಯಾಂಪು ಮತ್ತು ಗುಳೆ: ವಲಸಿಗರ ವಿಳಾಸದ ಪ್ರಶ್ನೆ

೧

ರಾಯಚೂರು ಜಿಲ್ಲೆಯ ಆಡುಮಾತಿನಲ್ಲಿ ವಲಸೆಗೆ ಸಂಬಂಧಿಸಿದ ಎರಡು ಪದಗಳು ಬೇರೂರಿವೆ. ಒಂದು ‘ಕ್ಯಾಂಪು’, ಇನ್ನೊಂದು ‘ಗುಳೆ’. ಮೊದಲನೆಯದು ಹೊರಗಿನಿಂದ ಬಂದು ನೆಲೆಸಿದವರ ಊರಿಗೆ ಜನ ಇಟ್ಟ ಹೆಸರು. ಎರಡನೆಯದು ಹೊಟ್ಟೆಪಾಡಿಗಾಗಿ ಊರು ಬಿಡುವವರ ನಡೆಗೆ ಇಟ್ಟ ಹೆಸರು. ಕ್ಯಾಂಪು ಎಂದರೆ ಕೆಲವು ದಿನಗಳ ಬೀಡು. ಆದರೆ ಮಾನ್ವಿ, ಸಿಂಧನೂರು ತಾಲ್ಲೂಕುಗಳಲ್ಲಿ ಅರ್ಧ ಶತಮಾನ ದಾಟಿದ, ಮೂರನೆಯ ತಲೆಮಾರು ಬಾಳುವೆ ನಡೆಸುತ್ತಿರುವ, ಶಾಲೆ, ಗುಡಿ, ಅಂಗಡಿಗಳಿರುವ ಊರುಗಳೂ ಇಂದಿಗೂ ಕ್ಯಾಂಪುಗಳೇ. ಇತ್ತ ‘ಗುಳೆ ಹೋಗು’, ‘ಗುಳೆ ಏಳು’ ಎಂಬ ಪ್ರಯೋಗಗಳು ಬರಗಾಲದಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊರಡುವ ಆಪತ್ತನ್ನು ಸೂಚಿಸುತ್ತಿದ್ದವು. ಈಗ ಮಳೆ ಬಂದ ವರ್ಷವೂ ಗುಳೆ ನಿಲ್ಲುವುದಿಲ್ಲ. ತಾತ್ಕಾಲಿಕವೆಂದು ಹೆಸರಿಟ್ಟದ್ದು ಕಾಯಂ ಆಗಿದೆ, ಆಪತ್ತೆಂದು ಹೆಸರಿಟ್ಟದ್ದು ವಾಡಿಕೆಯಾಗಿದೆ. ಪದಗಳು ಮಾತ್ರ ಹಳೆಯ ಅರ್ಥವನ್ನೇ ಹೊತ್ತು ನಿಂತಿವೆ; ನಮ್ಮ ಆಡಳಿತದ ಕಲ್ಪನೆಯೂ ಆ ಹಳೆಯ ಅರ್ಥದಲ್ಲಿಯೇ ನಿಂತುಬಿಟ್ಟಿದೆ.

ನಿರಾಶ್ರಿತರನ್ನೂ ವಲಸಿಗರನ್ನೂ ಊರಿನೊಳಗೆ ಒಳಗೊಳ್ಳುವಲ್ಲಿ ನಗರ ಹಾಗೂ ಪಟ್ಟಣಗಳ ನಾಯಕತ್ವದ ಪಾತ್ರವೇನು ಎಂಬ ಪ್ರಶ್ನೆ ಇಂದು ಜಗತ್ತಿನ ಹಲವೆಡೆ ಚರ್ಚೆಯಲ್ಲಿದೆ. ಅದನ್ನು ಮಾನ್ವಿಯಂತಹ ಒಂದು ಸಾಮಾನ್ಯ ಪಟ್ಟಣದ ನೆಲೆಯಿಂದ ಕೇಳಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆ ವಲಸಿಗರನ್ನು ಬರಮಾಡಿಕೊಂಡಿದೆ, ತನ್ನವರನ್ನು ವಲಸಿಗರನ್ನಾಗಿ ಕಳುಹಿಸಿಯೂ ಇದೆ. ಎರಡೂ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಒಳಗೊಳ್ಳುವಿಕೆ ಎಂಬುದು ಮೊದಲಿಗೆ ಔದಾರ್ಯದ ಪ್ರಶ್ನೆಯಲ್ಲ, ವಿಳಾಸದ ಪ್ರಶ್ನೆ. ವಿಳಾಸವನ್ನು ಕೊಡುವ, ಇಲ್ಲವೆ ನಿರಾಕರಿಸುವ ಅಧಿಕಾರ ದಿನನಿತ್ಯದ ಮಟ್ಟದಲ್ಲಿ ಇರುವುದು ಗ್ರಾಮ ಪಂಚಾಯತಿ, ಪುರಸಭೆ, ನಗರಸಭೆಗಳಂತಹ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ.

೨

ಕೃಷ್ಣೆ ಹಾಗೂ ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆಯ ಚರಿತ್ರೆಯಲ್ಲಿ ಜನರ ಹೋಗುಬರುವಿಕೆ ಹೊಸದೇನಲ್ಲ. ವಿಜಯನಗರ, ಬಹಮನಿ, ಆದಿಲಶಾಹಿ, ನಿಜಾಮರ ಆಳ್ವಿಕೆಗಳು ಬಿಟ್ಟುಹೋದ ಪದರಗಳಿಂದಾಗಿ ಇಲ್ಲಿನ ಸಂತೆಯಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು, ಲಂಬಾಣಿ ಭಾಷೆಗಳು ಸಹಜವಾಗಿಯೇ ಕೇಳಿಬರುತ್ತವೆ. ಆದರೆ ಇಂದಿನ ಅರ್ಥದ ವಲಸೆ ಆರಂಭವಾದದ್ದು ನೀರಿನೊಂದಿಗೆ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಪೂರ್ಣಗೊಂಡಿತು. ಸುಮಾರು ೨೨೭ ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳತ್ತ ಹರಿಯಿತು. ಜೋಳ, ಹತ್ತಿ, ಶೇಂಗಾಗಳ ಒಣಬೇಸಾಯದಲ್ಲಿ ಪಳಗಿದ್ದ ಇಲ್ಲಿನ ಅನೇಕ ರೈತರಿಗೆ ಕಾಲುವೆ ನೀರಾವರಿಗೆ ಬೇಕಾದ ಬಂಡವಾಳವೂ ಅನುಭವವೂ ಇರಲಿಲ್ಲ. ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ಮುಖಜಭೂಮಿಯ ರೈತರಿಗೆ ಎರಡೂ ಇದ್ದವು. ಅವರು ತಮ್ಮ ಸೀಮೆಯಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಬಂದರು, ಭೂಮಿ ಕೊಂಡರು, ಮಟ್ಟ ಮಾಡಿದರು, ಭತ್ತ ನಾಟಿ ಮಾಡಿದರು. ಹೊಲದ ಬದಿಯಲ್ಲಿಯೇ ಗುಡಿಸಲು ಹಾಕಿಕೊಂಡರು. ಆ ಗುಡಿಸಲುಗಳ ಗುಂಪೇ ಕ್ಯಾಂಪು ಆಯಿತು.

ಈ ವಲಸೆಯಲ್ಲಿ ಪಟ್ಟಣದ ನಾಯಕರು ಮಾಡಿದ್ದೇನೂ ಇಲ್ಲವೆಂದೇ ಹೇಳಬೇಕು. ಮಾರುಕಟ್ಟೆ, ಸಾಲ, ಅಕ್ಕಿ ಗಿರಣಿ ಇವುಗಳೇ ಇಬ್ಬರನ್ನೂ ಒಂದು ವ್ಯವಹಾರಕ್ಕೆ ತಂದವು. ಬಂದವರಲ್ಲಿ ಬಂಡವಾಳವಿದ್ದುದರಿಂದ ಅವರಿಗೆ ಯಾರ ಸ್ವಾಗತವೂ ಅಗತ್ಯವಾಗಲಿಲ್ಲ. ಎರಡನೆಯ ತಲೆಮಾರಿನ ಹೊತ್ತಿಗೆ ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು, ಪಂಚಾಯತಿಗಳಿಗೆ ಚುನಾಯಿತರೂ ಆದರು. ಹಾಗೆಂದು ಈ ಕಥೆ ನೇರವಾಗಿ ಸುಖಾಂತವೇನಲ್ಲ. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಹೆಚ್ಚು ಪ್ರದೇಶಕ್ಕೆ ಮಿತವಾಗಿ ನೀರು ಹಂಚುವ ಉದ್ದೇಶದಿಂದ. ಭತ್ತಕ್ಕೆ ಅದರಲ್ಲಿ ಸಣ್ಣ ಪಾಲು ಮಾತ್ರವಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿತು. ಕಾಲುವೆಯ ಕೆಳಭಾಗಕ್ಕೆ ಬರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವುದು ಅನಿಶ್ಚಿತವಾಯಿತು. ‘ಕೊನೆಭಾಗದ ರೈತರ’ ಹೋರಾಟ ಇಲ್ಲಿ ದಶಕಗಳಿಂದ ನಡೆದುಬಂದಿದೆ. ಭತ್ತಕ್ಕೆ ನೀರು ತಿರುಗಿಸಿಕೊಂಡವರಲ್ಲಿ ವಲಸೆ ಬಂದವರಿದ್ದಂತೆ ಸ್ಥಳೀಯರೂ ಇದ್ದಾರೆ. ಆದರೂ ಮಾತಿಗೆ ಮಾತು ಬೆಳೆದಾಗ ದೂರು ಹೋಗಿ ನಿಲ್ಲುವುದು ‘ಕ್ಯಾಂಪಿನವರ’ ಮೇಲೆ. ನೀರಿನ ನ್ಯಾಯವಾದ ಹಂಚಿಕೆ ಕೈಗೂಡದಿರುವಾಗ ವೈಫಲ್ಯದ ಹೊರೆಯನ್ನು ಹೊರಗಿನವರ ಹೆಗಲಿಗೆ ಏರಿಸುವುದು ಸುಲಭ. ಒಳಗೊಳ್ಳುವಿಕೆಯ ಕಾರ್ಯ ಹಬ್ಬಹರಿದಿನಗಳ ಸೌಹಾರ್ದ ಸಭೆಗಳಲ್ಲಿ ಮುಗಿಯುವುದಿಲ್ಲ, ತೂಬಿನ ಬಳಿಯೂ ನಡೆಯಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೩

ಬಂಡವಾಳವಿಲ್ಲದೆ ಬಂದವರ ಕಥೆ ಬೇರೆ. ಮಾನ್ವಿಯ ನೆರೆಯ ಸಿಂಧನೂರು ತಾಲ್ಲೂಕಿನಲ್ಲಿ ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಭೂಮಿ ನೀಡಿ ನೆಲೆ ಕಲ್ಪಿಸಿತು. ಆ ಊರುಗಳಿಗೆ ಇಂದಿಗೂ ‘ಆರ್.ಎಚ್. ಕ್ಯಾಂಪ್’ ಎಂದೇ ಹೆಸರು. ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಪದದ ಕಚೇರಿ ಸಂಕ್ಷೇಪ ಅದು. ಅದರ ಮುಂದೆ ಒಂದು ಸಂಖ್ಯೆ. ಊರಿಗೆ ಹೆಸರಿಲ್ಲ, ಕಡತದ ಗುರುತು ಮಾತ್ರ ಇದೆ. ಅಲ್ಲಿ ಬಂಗಾಳಿ ಮನೆಮಾತಾಗಿ ಉಳಿದಿದೆ, ದುರ್ಗಾಪೂಜೆ ನಡೆಯುತ್ತದೆ, ಭತ್ತದ ಜೊತೆಗೆ ಮೀನು ಸಾಕಣೆಯೂ ಉಂಟು. ಅಲ್ಲಿ ಹುಟ್ಟಿ ಬೆಳೆದವರು ಕನ್ನಡ ಬಲ್ಲರು; ಸಿಂಧನೂರಿನ ಮಾರುಕಟ್ಟೆಯಲ್ಲಿ ಅವರ ಕನ್ನಡಕ್ಕೂ ಅಕ್ಕಪಕ್ಕದ ಊರಿನವರ ಕನ್ನಡಕ್ಕೂ ಹೆಚ್ಚಿನ ಅಂತರ ಕಾಣದು.

ಭಾಷೆ ಕಲಿತದ್ದಾಯಿತು, ದುಡಿದದ್ದಾಯಿತು. ಆದರೆ ಕಾಗದದ ಸಮಸ್ಯೆ ಬಗೆಹರಿಯಲಿಲ್ಲ. ಪೌರತ್ವದ ದಾಖಲೆಯ ಕೊರತೆ ಅನೇಕರನ್ನು ದಶಕಗಳ ಕಾಲ ಕಾಡಿತು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆಂದು ಮಾನ್ಯವಾಗಿರುವ ನಾಮಶೂದ್ರ ಸಮುದಾಯದವರು ಇಲ್ಲಿಯೂ ಆ ಮಾನ್ಯತೆ ಬೇಕೆಂದು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ೨೦೧೯ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು ೨೦೨೪ರ ಮಾರ್ಚ್ ತಿಂಗಳಲ್ಲಿ ಪ್ರಕಟವಾದ ಮೇಲೆ ಈ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ದೊರೆಯಿತು. ಆ ಕಾಯಿದೆ ಧರ್ಮವನ್ನು ಮಾನದಂಡವಾಗಿಸಿಕೊಂಡುದರ ಬಗೆಗಿನ ಚರ್ಚೆ ಗಂಭೀರವಾದುದು. ಅದನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಸರ್ಕಾರವೇ ಕರೆತಂದು ನೆಲೆಗೊಳಿಸಿದ ಜನರೂ ಅರ್ಧ ಶತಮಾನದ ಬಳಿಕ ತಾವು ಇಲ್ಲಿಯವರೆಂದು ಸಾಬೀತುಪಡಿಸಬೇಕಾಯಿತು. ಭಾರತವು ನಿರಾಶ್ರಿತರ ಕುರಿತಾದ ೧೯೫೧ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರಿಗೆ ನೆಲೆ ಕೊಟ್ಟದ್ದೂ, ಸಿಂಧನೂರಿನಲ್ಲಿ ಬಂಗಾಳಿಗಳಿಗೆ ಭೂಮಿ ಕೊಟ್ಟದ್ದೂ ಆಯಾ ಕಾಲದ ಆಡಳಿತದ ತೀರ್ಮಾನಗಳು. ಭೂಮಿ ಕೊಡುವ ತೀರ್ಮಾನ ಒಂದೇ ದಿನದ್ದು. ಭೂಮಿ ಪಡೆದವರನ್ನು ಊರಿನವರನ್ನಾಗಿಸುವ ಕೆಲಸ ಮಾತ್ರ ಪ್ರತಿದಿನದ್ದು. ಅದನ್ನು ಮಾಡಬೇಕಾದ ಸ್ಥಳೀಯ ಸಂಸ್ಥೆಗಳಿಗೆ ಅದು ತಮ್ಮ ಹೊಣೆಯೆಂದು ಯಾರೂ ಹೇಳಲಿಲ್ಲ, ಅವೂ ಕೇಳಲಿಲ್ಲ.

೪

ಇನ್ನು ಗುಳೆಯ ವಿಚಾರ. ಪ್ರಾದೇಶಿಕ ಅಸಮಾನತೆಯನ್ನು ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ೨೦೦೨ರ ವರದಿ ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಸಂವಿಧಾನದ ೩೭೧(ಜೆ) ವಿಧಿ ಬಂದು ಹತ್ತು ವರ್ಷಗಳ ಮೇಲಾಯಿತು, ಹೈದರಾಬಾದ್ ಕರ್ನಾಟಕವು ೨೦೧೯ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆದರೂ ಸುಗ್ಗಿ ಮುಗಿದ ಮೇಲೆ ಮಾನ್ವಿ, ದೇವದುರ್ಗಗಳ ಬಸ್ ನಿಲ್ದಾಣಗಳ ರಾತ್ರಿಯ ನೋಟ ಬದಲಾಗಿಲ್ಲ. ಜೋಳದ ಚೀಲ, ಸ್ಟೌ, ಪಾತ್ರೆಯ ಗಂಟು, ಕಂಕುಳಲ್ಲಿ ಕೂಸು. ಬಸ್ಸಿನ ಹಲಗೆಯ ಮೇಲೆ ಬೆಂಗಳೂರು. ‘ಎಲ್ಲಿಗೆ ಹೊಂಟೀರಿ’ ಎಂದರೆ ‘ದುಡಿಯಾಕ’ ಎಂಬ ಒಂದೇ ಉತ್ತರ. ಯಾವ ಬಡಾವಣೆಗೆ, ಯಾರ ಕೈಕೆಳಗೆ, ಎಷ್ಟು ದಿನಕ್ಕೆ ಎಂಬುದು ಮೇಸ್ತ್ರಿಗೆ ಮಾತ್ರ ಗೊತ್ತಿರುತ್ತದೆ.

ಹೀಗೆ ಹೋದವರು ಬೆಂಗಳೂರಿನಲ್ಲಿ ತಗಡಿನ ಶೆಡ್ಡುಗಳಲ್ಲಿ, ನೀಲಿ ತಾಡಪಾಲಿನ ಗುಡಿಸಲುಗಳಲ್ಲಿ ನೆಲೆಸುತ್ತಾರೆ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ಇಂತಹ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರೆಂಬುದು ಆಗ ಕೇಳಿಬಂದ ಆರೋಪ. ಆದರೆ ಮನೆ ಕಳೆದುಕೊಂಡವರಲ್ಲಿ ಈಶಾನ್ಯ ಭಾರತದ ರಾಜ್ಯಗಳವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ರಾಜ್ಯದ ಉಚ್ಚ ನ್ಯಾಯಾಲಯವು ಆ ತೆರವನ್ನು ಒಪ್ಪದೆ, ಸಂತ್ರಸ್ತರಿಗೆ ಪುನರ್ವಸತಿ ಕಲ್ಪಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಈ ಘಟನೆಯನ್ನು ಸಿಂಧನೂರಿನ ಕ್ಯಾಂಪುಗಳ ಪಕ್ಕದಲ್ಲಿಟ್ಟು ನೋಡಬೇಕು. ಪೂರ್ವ ಬಂಗಾಳದಿಂದ ನಿಜವಾಗಿಯೂ ಬಂದವರನ್ನು ನಮ್ಮ ಸೀಮೆ ಐವತ್ತು ವರ್ಷ ನೆರೆಹೊರೆಯವರಂತೆ ಇರಿಸಿಕೊಂಡಿತು; ಅದೇ ಬಗೆಯ ಸೀಮೆಗಳಿಂದ ಹೋದ ಕನ್ನಡಿಗರನ್ನು ನಾಡಿನ ರಾಜಧಾನಿ ಪರದೇಶಿಗಳೆಂದು ಅನುಮಾನಿಸಿತು. ಗುಡಿಸಲಿನಲ್ಲಿರುವವರ ಕೈಯಲ್ಲಿ ಸ್ಥಳೀಯ ವಿಳಾಸವಿಲ್ಲದಿದ್ದರೆ ಅವರ ಭಾಷೆಯೂ ಅವರ ಜಿಲ್ಲೆಯೂ ಅವರನ್ನು ಕಾಯಲಾರವು.

ಎರಡು ತಿಂಗಳಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಎದುರಾಯಿತು. ೨೦೨೦ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಕೆಲಸವೂ ಕೂಲಿಯೂ ನಿಂತವು, ಬಸ್ಸುಗಳೂ ನಿಂತವು. ರಾಯಚೂರು ಜಿಲ್ಲೆಯ ಕೂಲಿಕಾರರು ನಾನೂರು ಕಿಲೋಮೀಟರ್‌ಗಳ ಆಸುಪಾಸಿನ ದಾರಿಯನ್ನು ನಡೆದೇ ಕ್ರಮಿಸಲು ಹೊರಟರು. ಬೆಂಗಳೂರಿನಿಂದ ಸಿಂಧನೂರಿನತ್ತ ಹೊರಟ ಯುವ ಕೂಲಿ ಮಹಿಳೆಯೊಬ್ಬರು ಊರು ಮುಟ್ಟಲಿಲ್ಲ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿಯೇ ತೀರಿಕೊಂಡರು. ನಗರದಲ್ಲಿ ಎಷ್ಟು ಜನ ಗುಳೆಯವರಿದ್ದಾರೆ, ಎಲ್ಲಿದ್ದಾರೆ, ಯಾರಿಗೆ ಪಡಿತರ ಮುಟ್ಟಬೇಕು ಎಂಬುದಕ್ಕೆ ನಂಬಬಹುದಾದ ಲೆಕ್ಕ ಇರಲಿಲ್ಲ. ಹೊರಟ ಊರಿನಲ್ಲಿ ಹೋದವರ ಪಟ್ಟಿಯಿರಲಿಲ್ಲ, ಸೇರಿದ ಊರಿನಲ್ಲಿ ಬಂದವರ ಪಟ್ಟಿಯಿರಲಿಲ್ಲ.

ಪಟ್ಟಿ ಮಾಡುವುದು ಅಸಾಧ್ಯವೆಂದು ಹೇಳುವುದುಂಟು. ಆದರೆ ಚುನಾವಣೆ ಬಂದಾಗ ಬೆಂಗಳೂರಿನ ಯಾವ ಮೂಲೆಯಲ್ಲಿ ತಮ್ಮ ಊರಿನ ಎಷ್ಟು ಮತದಾರರಿದ್ದಾರೆ ಎಂಬುದು ಊರ ಮುಂದಾಳುಗಳಿಗೆ ಚೆನ್ನಾಗಿ ತಿಳಿದಿರುತ್ತದೆ. ಅವರನ್ನು ಕರೆತರಲು ವಾಹನಗಳೂ ಹೋಗುತ್ತವೆ. ಮತದಾನದ ದಿನ ಸಾಧ್ಯವಾಗುವ ಪಟ್ಟಿ ಉಳಿದ ದಿನಗಳಲ್ಲಿ ಏಕೆ ಸಾಧ್ಯವಾಗದು ಎಂಬ ಪ್ರಶ್ನೆಯನ್ನು ಪಕ್ಷಭೇದವಿಲ್ಲದೆ ಎಲ್ಲ ನಾಯಕರ ಮುಂದೆ ಇಡಬೇಕಾಗಿದೆ.

೫

ಈ ಹಿನ್ನೆಲೆಯಲ್ಲಿ ಸ್ಥಳೀಯ ನಾಯಕತ್ವದ ಕರ್ತವ್ಯವನ್ನು ಪರಿಶೀಲಿಸಬಹುದು. ‘ನಮಗೆ ಅಧಿಕಾರವಿಲ್ಲ, ಅನುದಾನವಿಲ್ಲ’ ಎಂಬುದು ಪುರಸಭೆಗಳ ಸಾಮಾನ್ಯ ಉತ್ತರ. ಅದರಲ್ಲಿ ಸತ್ಯಾಂಶವಿದೆ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿ ನಗರ ಸಂಸ್ಥೆಗಳಿಗೆ ಹದಿನೆಂಟು ವಿಷಯಗಳನ್ನು ಗುರುತಿಸಿತು. ಕೊಳಚೆ ಪ್ರದೇಶಗಳ ಸುಧಾರಣೆ, ನಗರ ಬಡತನ ನಿವಾರಣೆಗಳು ಅದರಲ್ಲಿವೆ, ವಲಸಿಗರ ಪ್ರಸ್ತಾಪವಿಲ್ಲ. ೧೯೭೯ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ, ಹೆಸರೇ ಹೇಳುವಂತೆ, ರಾಜ್ಯದ ಗಡಿ ದಾಟಿದವರನ್ನು ಕುರಿತದ್ದಾಗಿತ್ತು. ದೇವದುರ್ಗದಿಂದ ಬೆಂಗಳೂರಿಗೆ ಹೋದವರು ಅದರ ಲೆಕ್ಕಕ್ಕೆ ವಲಸಿಗರೇ ಆಗಿರಲಿಲ್ಲ. ಕಟ್ಟಡ ಕಾರ್ಮಿಕರಿಗಿರುವ ಸೌಲಭ್ಯ ಪಡೆಯಲು ವರ್ಷದಲ್ಲಿ ತೊಂಬತ್ತು ದಿನ ದುಡಿದುದಕ್ಕೆ ದಾಖಲೆ ಬೇಕು; ಮೇಸ್ತ್ರಿಯ ಬಾಯಿಮಾತಿನ ಮೇಲೆ ಕೆಲಸಕ್ಕೆ ಹೋದವರಿಗೆ ಆ ದಾಖಲೆಯನ್ನು ಬರೆದುಕೊಡುವವರಾರು?

ಇಷ್ಟಾದರೂ ಇರುವ ಅಧಿಕಾರದಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ನ್ಯೂಯಾರ್ಕ್ ನಗರಾಡಳಿತವು ೨೦೧೫ರಲ್ಲಿ ತನ್ನ ನಿವಾಸಿಗಳಿಗೆ, ಅವರ ಪೌರತ್ವದ ಸ್ಥಿತಿಯನ್ನು ಕೇಳದೆ, ನಗರದ್ದೇ ಆದ ಗುರುತಿನ ಚೀಟಿ ಕೊಡಲಾರಂಭಿಸಿತು. ದೇಶದ ಪೌರತ್ವ ಕೊಡುವುದು ನಗರದ ಕೈಯಲ್ಲಿರಲಿಲ್ಲ, ಆದರೆ ‘ಇವರು ನಮ್ಮ ಊರಿನಲ್ಲಿ ವಾಸವಾಗಿದ್ದಾರೆ’ ಎಂದು ಹೇಳುವುದು ಅದರ ಕೈಯಲ್ಲಿತ್ತು. ನೆರೆಯ ಕೇರಳದ ಎರ್ನಾಕುಲಂ ಜಿಲ್ಲಾಡಳಿತ ೨೦೧೭ರಲ್ಲಿ ‘ರೋಶ್ನಿ’ ಯೋಜನೆಯ ಮೂಲಕ ಅನ್ಯಭಾಷಿಕ ಕೂಲಿಕಾರರ ಮಕ್ಕಳಿಗೆ ಅವರ ಮನೆಮಾತಿನ ನೆರವಿನಿಂದಲೇ ಶಾಲೆಯ ದಾರಿ ತೋರಿಸಿತು. ನಮ್ಮ ರಾಜ್ಯದಲ್ಲಿಯೂ ಒಂದು ಒಳ್ಳೆಯ ಉದಾಹರಣೆ ಇದೆ. ಕರ್ನಾಟಕ ಭೂಸುಧಾರಣಾ ಕಾಯಿದೆಗೆ ೨೦೧೭ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿಸಲು ಅವಕಾಶ ಕೊಟ್ಟಿತು. ಅದರಲ್ಲಿ ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿಗಳ ಸಾಲಿನಲ್ಲಿ ‘ಕ್ಯಾಂಪ್’ ಎಂಬ ಪದವೂ ಇದೆ. ೨೦೨೩ರ ಜನವರಿಯಲ್ಲಿ ರಾಯಚೂರೂ ಸೇರಿದಂತೆ ಐದು ಜಿಲ್ಲೆಗಳ ತಾಂಡಾಗಳ ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಾಂಡಾಗಳಿಗೆ ಸಾಧ್ಯವಾದುದು ಕ್ಯಾಂಪುಗಳಿಗೂ ಸಾಧ್ಯವಾಗಬೇಕು. ಅರ್ಜಿ ಹಿಡಿದು ತಹಶೀಲ್ದಾರರ ಕಚೇರಿಗೆ ನಡೆಯುವ ಸ್ಥಳೀಯ ಪ್ರತಿನಿಧಿಯ ಇಚ್ಛೆ ಇಲ್ಲಿ ನಿರ್ಣಾಯಕ.

ಮಾನ್ವಿ, ದೇವದುರ್ಗ, ರಾಯಚೂರುಗಳ ಸ್ಥಳೀಯ ಸಂಸ್ಥೆಗಳು ಕೂಡಲೇ ಕೈಗೊಳ್ಳಬಹುದಾದ ಕಾರ್ಯಗಳು ಮೂರು. ಮೊದಲನೆಯದು ಗುಳೆಯ ನೋಂದಣಿ. ಊರು ಬಿಡುವ ಕುಟುಂಬ ಎಲ್ಲಿಗೆ, ಯಾರ ಜೊತೆ ಹೋಗುತ್ತಿದೆ, ಜೊತೆಯಲ್ಲಿ ಶಾಲೆ ಕಲಿಯುವ ಮಕ್ಕಳೆಷ್ಟು ಎಂಬ ವಿವರವನ್ನು ಪಂಚಾಯತಿ ಅಥವಾ ವಾರ್ಡಿನ ಮಟ್ಟದಲ್ಲಿ ದಾಖಲಿಸಿ ಒಂದು ಚೀಟಿ ಕೊಡಬೇಕು. ಅದೇ ಚೀಟಿ ಬೆಂಗಳೂರಿನಲ್ಲಿ ಕಾರ್ಮಿಕ ಮಂಡಳಿಯ ನೋಂದಣಿಗೆ, ಮಕ್ಕಳ ಶಾಲಾ ಪ್ರವೇಶಕ್ಕೆ ಆಧಾರವಾಗಬೇಕು. ಪಡಿತರ ಚೀಟಿಯನ್ನು ದೇಶದ ಯಾವ ಭಾಗದಲ್ಲಾದರೂ ಬಳಸುವ ವ್ಯವಸ್ಥೆ ೨೦೨೨ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಅಕ್ಕಿಗೆ ಗಡಿಯಿಲ್ಲವೆಂದ ಮೇಲೆ ಪಾಠಕ್ಕೂ ಇರಬಾರದು. ಎರಡನೆಯದು, ಹಿರಿಯರು ಗುಳೆ ಹೋದಾಗ ಮಕ್ಕಳು ಊರಲ್ಲಿಯೇ ಉಳಿದು ಓದಲು ಋತುಮಾನದ ವಸತಿ ವ್ಯವಸ್ಥೆ. ಮೂರನೆಯದು, ಒಳಬರುವವರ ಕಡೆಗೂ ಅದೇ ಕಣ್ಣು. ನಮ್ಮ ಅಕ್ಕಿ ಗಿರಣಿಗಳಲ್ಲಿಯೂ ಕಟ್ಟಡಗಳಲ್ಲಿಯೂ ಉತ್ತರ ಭಾರತದ ಕೂಲಿಕಾರರು ದುಡಿಯುತ್ತಿದ್ದಾರೆ. ನಮ್ಮವರಿಗೆ ಬೆಂಗಳೂರಿನಲ್ಲಿ ಏನು ಸಿಗಬೇಕೆಂದು ಕೇಳುತ್ತೇವೆಯೋ ಅದನ್ನು ಇವರಿಗೆ ಮಾನ್ವಿಯಲ್ಲಿ ಕೊಡಬೇಕು.

ನೋಂದಣಿಯ ಬಗೆಗೆ ಒಂದು ಗಂಭೀರ ಆಕ್ಷೇಪವನ್ನು ಮರೆಯುವಂತಿಲ್ಲ. ಪಟ್ಟಿ ಎಂಬುದು ರಕ್ಷಣೆಗೆ ಒದಗುವಂತೆಯೇ ಬಹಿಷ್ಕಾರಕ್ಕೂ ಒದಗೀತು. ‘ಊರಲ್ಲಿಲ್ಲ’ ಎಂಬ ಷರಾದೊಂದಿಗೆ ಮತದಾರರ ಪಟ್ಟಿಯಿಂದ, ಮನೆಯ ಫಲಾನುಭವಿಗಳ ಪಟ್ಟಿಯಿಂದ ಗುಳೆಯವರ ಹೆಸರು ಬಿಟ್ಟುಹೋಗುವ ಭಯ ಆಧಾರವಿಲ್ಲದ್ದಲ್ಲ. ಇದೇ ಕಾರಣಕ್ಕೆ ನೋಂದಣಿಯು ಪೊಲೀಸರ ಅಥವಾ ಗುತ್ತಿಗೆದಾರರ ಕೈಗೆ ಹೋಗದೆ, ಜನರಿಗೆ ಉತ್ತರಿಸಬೇಕಾದ ಚುನಾಯಿತ ಸಂಸ್ಥೆಯ ಬಳಿ ಇರಬೇಕು. ಹೆಸರು ಬರೆಸುವುದು ಕುಟುಂಬದ ಇಚ್ಛೆಗೆ ಬಿಟ್ಟದ್ದಾಗಿರಬೇಕು. ಗುಳೆ ಹೋದುದೇ ಕಾರಣವಾಗಿ ಯಾವ ಸೌಲಭ್ಯವೂ ತಪ್ಪಬಾರದೆಂಬ ನಿಯಮ ಅದರ ಮೊದಲ ಸಾಲಾಗಿರಬೇಕು. ಊರು ಬಿಟ್ಟವರಿಗೆ ಊರಿನ ವಿಳಾಸ ಉಳಿಯಬೇಕು, ಸೇರಿದ ನಗರದಲ್ಲಿ ಇನ್ನೊಂದು ದೊರೆಯಬೇಕು. ಬೆಂಗಳೂರಿನಲ್ಲಿ ೨೦೨೫ರಿಂದ ಒಂದರ ಬದಲು ಐದು ನಗರ ಪಾಲಿಕೆಗಳು ಬಂದಿವೆ. ಅವುಗಳಲ್ಲಿ ಒಂದಾದರೂ ರಾಯಚೂರು ಸೀಮೆಯ ಪುರಸಭೆ, ಪಂಚಾಯತಿಗಳೊಂದಿಗೆ ನೇರ ಸಂಪರ್ಕ ಬೆಳೆಸಿದರೆ ಇದಕ್ಕೆ ಚಾಲನೆ ದೊರೆತಂತಾಗುತ್ತದೆ.

೬

ಕೊನೆಯದಾಗಿ, ಕನ್ನಡ ಅಧ್ಯಯನದಲ್ಲಿ ತೊಡಗಿರುವ ನಮ್ಮ ಹೊಣೆಯ ಬಗೆಗೆ ಒಂದು ಮಾತು. ಮಾನ್ವಿಯೆಂದೊಡನೆ ನಮ್ಮ ಸಂಶೋಧನೆಗೆ ನೆನಪಾಗುವವರು ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು. ಅದು ಸಹಜ, ಅವರ ಹಿರಿಮೆ ಅಂತಹದು. ಆದರೆ ಅದೇ ತಾಲ್ಲೂಕಿನ ಕ್ಯಾಂಪುಗಳಲ್ಲಿ ತೆಲುಗಿನ ಮನೆಯೊಳಗೆ ಬೆಳೆದ ಕನ್ನಡ ಹೇಗಿದೆ? ಸಿಂಧನೂರಿನ ಬಂಗಾಳಿ ಅಜ್ಜಿ ಮೊಮ್ಮಗಳಿಗೆ ಹೇಳುವ ಕಥೆಯಲ್ಲಿ ತುಂಗಭದ್ರೆ ಎಲ್ಲಿ ಬರುತ್ತದೆ? ಬೆಂಗಳೂರಿನ ಶೆಡ್ಡಿನಲ್ಲಿ ಹುಟ್ಟಿದ ದೇವದುರ್ಗದ ಮಗು ಯಾವ ಕನ್ನಡ ಆಡುತ್ತದೆ, ಅದರ ಮಾತಿಗೆ ಶಾಲೆಯಲ್ಲಿ ನಗುವವರು ಯಾರು? ಹಳ್ಳಿಯ ಹಾಡು, ಕಥೆ, ಒಗಟುಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ನಮ್ಮ ಜಾನಪದ ಅಧ್ಯಯನ ಜನರನ್ನು ಅವರವರ ಊರಿನಲ್ಲಿ ನಿಂತವರೆಂದೇ ಭಾವಿಸಿತು. ನಡೆಯುತ್ತಿರುವ ಜನರನ್ನು ಅಧ್ಯಯನ ಮಾಡುವ ವಿಧಾನವನ್ನು ನಾವಿನ್ನೂ ರೂಪಿಸಿಕೊಳ್ಳಬೇಕಾಗಿದೆ. ಹಿಂದಿ, ಬಂಗಾಳಿ ಮಾತಾಡುವ ಕೂಲಿಕಾರರಿಗೆ ತಿಂಗಳೊಪ್ಪತ್ತಿನಲ್ಲಿ ವ್ಯವಹಾರದ ಕನ್ನಡ ಕಲಿಸುವ ಒಂದು ಚಿಕ್ಕ ಪುಸ್ತಕವನ್ನು ರಚಿಸುವುದು ಕನ್ನಡ ವಿಭಾಗಗಳಿಗೆ ಕಷ್ಟವಾಗದು. ಕನ್ನಡ ಬಾರದವರೆಂದು ದೂರುವುದಕ್ಕೆ ಮೊದಲು ಕನ್ನಡ ಕಲಿಸುವ ಏರ್ಪಾಡು ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳುವುದು ನ್ಯಾಯ.

ಕ್ಯಾಂಪುಗಳಿಗೆ ಊರಿನ ಹೆಸರಿಡುವ ಕೆಲಸದಿಂದ ಇದನ್ನು ಆರಂಭಿಸಬಹುದು. ಸಂಖ್ಯೆಯ ಬದಲು ಹೆಸರು, ಆ ಹೆಸರನ್ನು ಅಲ್ಲಿಯ ಜನರೇ ಆರಿಸಿಕೊಂಡದ್ದು. ಅದು ಕಂದಾಯದ ದಾಖಲೆಯಲ್ಲಿ, ಶಾಲೆಯ ಹಲಗೆಯ ಮೇಲೆ, ಬಸ್ಸಿನ ಫಲಕದ ಮೇಲೆ ಕಾಣಿಸಬೇಕು. ಇದು ಸಣ್ಣ ಕೆಲಸ. ಒಂದು ಗ್ರಾಮಸಭೆಯ ನಿರ್ಣಯದಿಂದ ಮೊದಲಾಗಬಹುದು. ಆದರೆ ‘ಕ್ಯಾಂಪಿನವರು’ ಎಂಬ ಮಾತು ‘ಇಂಥ ಊರಿನವರು’ ಎಂದು ಬದಲಾಗಲು ಇಷ್ಟು ವರ್ಷಗಳು ಸಾಲದೆ ಹೋದುದಕ್ಕೆ ಕಾರಣ, ಈ ಸಣ್ಣ ಕೆಲಸವನ್ನು ತಮ್ಮದೆಂದು ಯಾರೂ ಭಾವಿಸದಿದ್ದುದು. ಮಾನ್ವಿಯ ಪುರಸಭೆ, ಪಂಚಾಯತಿಗಳೂ ಕನ್ನಡ ವಿಭಾಗಗಳೂ ಇನ್ನಾದರೂ ಅದನ್ನು ತಮ್ಮದೆಂದು ಭಾವಿಸಲಿ.